ಐಸಿಯುನಲ್ಲಿ ಸ್ನಾಯು ಸಡಿಲಿಸುವ ಔಷಧ ಎಷ್ಟು ಹಿಡಿದಿದೆ ಅಂತ ಹೇಗೆ ತಿಳಿಯುತ್ತಾರೆ?

ಮುಖ್ಯವಾಗಿ ಹೆಬ್ಬೆರಳು ನೋಡಿ. ಶ್ವಾಸಕೋಶ ತೀರಾ ಕೆಟ್ಟು, ರೋಗಿಯ ಉಸಿರು ವೆಂಟಿಲೇಟರ್ ಜೊತೆ ಹೊಂದದೇ ಇದ್ದಾಗ ಸಿಸಾಟ್ರಾಕ್ಯೂರಿಯಂ ತರಹದ ಔಷಧ ಕೊಡುತ್ತಾರೆ. ಆಗ ಮಣಿಕಟ್ಟಿನಲ್ಲಿ, ಕಿರುಬೆರಳಿನ ಕಡೆಗೆ, ಎರಡು ಅಂಟುಪಟ್ಟಿ ಹಚ್ಚಿ ಹೆಬ್ಬೆರಳನ್ನು ಸೆಳೆಯುವ ಸ್ನಾಯುವಿಗೆ ಹೋಗುವ ಅಲ್ನಾರ್ ನರಕ್ಕೆ ಅರ್ಧ ಸೆಕೆಂಡಿಗೊಂದರಂತೆ ನಾಲ್ಕು ಸಣ್ಣ ಕರೆಂಟ್ ಮಿಡಿತ ಕೊಡುತ್ತಾರೆ. ಇದೇ ಟ್ರೈನ್ ಆಫ್ ಫೋರ್. 1970ರಲ್ಲಿ ಬಂದ ವಿಧಾನ, ಇವತ್ತಿಗೂ ಚಾಲ್ತಿಯಲ್ಲಿದೆ.

ಹೆಬ್ಬೆರಳು ಅಂಗೈ ಕಡೆಗೆ ಒಂದೋ ಎರಡೋ ಸಲ ಸೆಳೆದರೆ ಸಾಮಾನ್ಯವಾಗಿ ಅಷ್ಟು ಸಾಕು. ಒಮ್ಮೆಯೂ ಅಲುಗದಿದ್ದರೆ ಡೋಸ್ ಜಾಸ್ತಿ ಆಗಿರಬಹುದು. ಆದರೆ ಸುಮ್ನೆ ಇಳಿಸಿಬಿಡಬಾರದು. ಕೈ ಊದಿಕೊಂಡಿದ್ದರೆ ಕರೆಂಟೇ ನರಕ್ಕೆ ಸರಿಯಾಗಿ ತಲುಪುವುದಿಲ್ಲ. ಅದಕ್ಕೇ ಔಷಧ ಶುರು ಮಾಡುವ ಮೊದಲೇ, ಬೆರಳು ಚೆನ್ನಾಗಿ ಸೆಳೆಯಲು ಎಷ್ಟು ಕರೆಂಟ್ ಬೇಕು ಅಂತ ನೋಡಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ನನ್ನ ಮಟ್ಟಿಗೆ ಇದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. ಈ ಔಷಧ ನಿದ್ದೆ ಬರಿಸುವುದಿಲ್ಲ, ನೋವನ್ನೂ ತಗ್ಗಿಸುವುದಿಲ್ಲ. ಎಚ್ಚರ ಇದ್ದೂ ರೆಪ್ಪೆ ಕೂಡ ಅಲುಗಿಸಲಾಗದ ಸ್ಥಿತಿ ಎಷ್ಟು ಭಯಾನಕ ಅಲ್ವಾ? ಹಾಗಾಗಿ ಮೊದಲು ಗಾಢ ನಿದ್ದೆಯ ಔಷಧ, ನೋವಿನ ಔಷಧ, ಆಮೇಲೆ ಇದು. ರೆಪ್ಪೆ ಮಿಟುಕದ ಕಾರಣ ಕಣ್ಣು ಒಣಗದಂತೆ ಮುಲಾಮನ್ನೂ ಹಚ್ಚುತ್ತಿರಬೇಕು.