‘ಬೊಂಜೂರ್’ ಅಂದರೆ ಕ್ಲಾಸೆಲ್ಲ ನಗುತ್ತದೆ, ಏನು ಮಾಡಲಿ?

ಈ ಸಲ ಬಂದ ಪತ್ರಗಳಲ್ಲಿ ನಾಲ್ಕು ಒಂದೇ ವಿಷಯದ್ದು. ಶಾಲೆಯ ಫ್ರೆಂಚ್ ಕ್ಲಾಸು, ಅಲ್ಲಿನ ಗಲಾಟೆ, ಅಲ್ಲಿನ ಭಯ. ಹಾಸನದಲ್ಲೇ 18 ವರ್ಷ ಫ್ರೆಂಚ್ ಹೇಳಿಕೊಟ್ಟವಳು ನಾನು. ಹಾಗಾಗಿ ನಾಲ್ಕನ್ನೂ ಒಟ್ಟಿಗೇ ಎತ್ತಿಕೊಂಡಿದ್ದೇನೆ. ಫ್ರೆಂಚ್ ಮಾತುಗಳನ್ನು ಕಿವಿಗೆ ಹೆಚ್ಚು ಕಡಿಮೆ ಹೇಗೆ ಕೇಳುತ್ತವೋ ಹಾಗೆ ಕನ್ನಡದಲ್ಲಿ ಬರೆದಿದ್ದೇನೆ. ‘ಬೊಂಜೂರ್’ ಅಂದರೆ ಫ್ರೆಂಚ್‌ನಲ್ಲಿ ನಮಸ್ಕಾರ.

ಪ್ರಶ್ನೆ: ಮೇಡಂ, ಈ ಜೂನ್‌ನಿಂದ ಒಂದು ಶಾಲೆಯಲ್ಲಿ ಫ್ರೆಂಚ್ ಕಲಿಸುತ್ತಿದ್ದೇನೆ. ಏಳನೇ ಕ್ಲಾಸು, 38 ಮಕ್ಕಳು. ಎರಡನೇ ಭಾಷೆಗೆ ಹಿಂದಿ ತಗೊಂಡವರು ಇದ್ದಲ್ಲೇ ಕೂರುತ್ತಾರೆ. ಫ್ರೆಂಚ್ ತಗೊಂಡವರು ಎರಡೂ ಸೆಕ್ಷನ್‌ನಿಂದ ಎದ್ದು ನನ್ನ ರೂಮಿಗೆ ಬರಬೇಕು. ಅದೂ ಊಟ ಆದ ಮೇಲಿನ ಪೀರಿಯಡ್. ಬಂದು, ಕೂತು, ಸುಮ್ಮನಾಗುವಷ್ಟರಲ್ಲಿ ಹತ್ತು ನಿಮಿಷ ಹೋಗಿರುತ್ತದೆ. ನಾನು ‘ಬೊಂಜೂರ್’ ಅಂದರೆ ಸಾಕು, ಹಿಂದಿನ ಬೆಂಚಿನವರು ರಾಗ ಎಳೆದು ಅದನ್ನೇ ಹೇಳಿ ನಗುತ್ತಾರೆ. ಕೂಗಿ ಕೂಗಿ ಗಂಟಲು ಕಟ್ಟಿದೆ. ನನಗೆ ಕಲಿಸಲಿಕ್ಕೇ ಬರುವುದಿಲ್ಲವೇನೋ ಅನ್ನಿಸುತ್ತಿದೆ.
— ಹೆಸರು ಬೇಡ, ಹಾಸನ

ಉತ್ತರ: ಮೊದಲು ಒಂದು ಲೆಕ್ಕ ಹಾಕೋಣ. ದಿನಕ್ಕೆ ಹತ್ತು ನಿಮಿಷ, ವಾರಕ್ಕೆ ನಾಲ್ಕು ಪೀರಿಯಡ್ ಅಂತಿಟ್ಟುಕೊಂಡರೆ 40 ನಿಮಿಷ ಆಯಿತು. ಅಂದರೆ ವಾರಕ್ಕೆ ಒಂದು ಇಡೀ ಪೀರಿಯಡ್ಡು ಬಾಗಿಲಲ್ಲೇ ಕಳೆದುಹೋಗುತ್ತಿದೆ. ನಿಮಗೆ ಕಲಿಸಲು ಬರುತ್ತದೋ ಇಲ್ಲವೋ ಅನ್ನುವ ಮಾತು ಇನ್ನೂ ಬಂದೇ ಇಲ್ಲ ಅಮ್ಮ. ಪಾಠ ಶುರುವಾಗುವ ಮೊದಲೇ ಕ್ಲಾಸು ಕೈ ತಪ್ಪುತ್ತಿದೆ, ಅಷ್ಟೇ. ಇದನ್ನು ಸರಿ ಮಾಡಬಹುದು.

ಗಣಿತದ ಮೇಷ್ಟರು ‘ಪುಸ್ತಕ ತೆಗೀರಿ’ ಅಂದರೆ ಮಕ್ಕಳಿಗೆ ಗೊತ್ತಾಗುತ್ತದೆ. ನೀವು ಅದನ್ನೇ ಫ್ರೆಂಚ್‌ನಲ್ಲಿ ಅಂದರೆ ಗೊತ್ತಾಗುವುದಿಲ್ಲ. ಅರ್ಥವಾಗದೆ ಕೂತ ಮಗು ಎರಡರಲ್ಲಿ ಒಂದು ಮಾಡುತ್ತದೆ, ಇಲ್ಲ ಕಿಟಕಿ ನೋಡುತ್ತದೆ, ಇಲ್ಲ ಪಕ್ಕದವನನ್ನು ತಿವಿಯುತ್ತದೆ. ನಾವು ಅದನ್ನು ಅಶಿಸ್ತು ಅಂತೀವಿ. ಅದರಲ್ಲಿ ಮುಕ್ಕಾಲು ಪಾಲು ಬರೀ ಅರ್ಥ ಆಗದೇ ಇರುವುದು, ನನ್ನ ಅನುಭವದಲ್ಲಿ ಹೇಳುತ್ತಿದ್ದೇನೆ. ಹಾಗಾಗಿ ಕ್ಲಾಸನ್ನು ಹಿಡಿದಿಡುವ ಮಾತುಗಳನ್ನೇ ಮೊದಲ ಪಾಠ ಮಾಡಿಕೊಳ್ಳಿ. ಹತ್ತು ಹನ್ನೆರಡು ವಾಕ್ಯ ಸಾಕು. ದಿನಾ ಅದೇ ವಾಕ್ಯ, ಅದೇ ಹೊತ್ತಿಗೆ, ಅದೇ ಕೈಸನ್ನೆ ಜೊತೆಗೆ. ಶಿಸ್ತೂ ಅದೇ, ಪಾಠವೂ ಅದೇ.

ನಾಳೆಯಿಂದ ಮಕ್ಕಳಿಗಿಂತ ಮೊದಲು ನೀವು ಬಾಗಿಲಲ್ಲಿ ನಿಂತಿರಿ. ಒಬ್ಬೊಬ್ಬರೇ ‘ಬೊಂಜೂರ್ ಮದಾಮ್’ ಅಂತ ನಿಮ್ಮ ಮುಖ ನೋಡಿ ಹೇಳಿ ಒಳಗೆ ಹೋಗಲಿ. ನೀವೂ ಹೆಸರು ಹಿಡಿದು ಬೊಂಜೂರ್ ಹೇಳಿ. 38 ಜನ ಅಂದರೆ ಎರಡು ನಿಮಿಷ. ಒಳಗೆ ಹೋದವರಿಗೆ ಬೋರ್ಡಿನ ಮೇಲೆ ಕೆಲಸ ಕಾದಿರಬೇಕು, ಇದು ತುಂಬಾ ಮುಖ್ಯ. ತಾರೀಖು ಬರೆಯುವುದು, ನಿನ್ನೆಯ ಮೂರು ಪದ ನೆನಪಿಸಿಕೊಂಡು ಬರೆಯುವುದು, ಅಷ್ಟು ಸಣ್ಣದು. ಬೇಕಂತಲೇ ಒಂದು ತಪ್ಪು ಸೇರಿಸಿ. ಫ್ರೆಂಚ್‌ನಲ್ಲಿ ವಾರದ ಹೆಸರು ಇಂಗ್ಲಿಷಿನ ಹಾಗೆ ದೊಡ್ಡಕ್ಷರದಿಂದ ಶುರುವಾಗುವುದಿಲ್ಲ, ‘ಮಾರ್ದಿ’ ಅಂತ ಮಂಗಳವಾರ ಬರೆದರೆ ಮೊದಲಕ್ಷರವೂ ಚಿಕ್ಕದೇ. ನೀವು ಒಂದು ದಿನ ದೊಡ್ಡಕ್ಷರ ಹಾಕಿ ನೋಡಿ, ತಪ್ಪು ಹಿಡಿಯಲು ಹಿಂದಿನ ಬೆಂಚೇ ಮೊದಲು ಏಳುತ್ತದೆ.

ಹಾಜರಿಯನ್ನು ಸುಮ್ನೆ ಮುಗಿಸಬೇಡಿ. ಹುಡುಗ ‘ಪ್ರೆಝಾಂ’ ಅನ್ನಬೇಕು, ಹುಡುಗಿ ‘ಪ್ರೆಝಾಂತ್’ ಅನ್ನಬೇಕು. ಬರೆಯುವಾಗ ಹುಡುಗನದ್ದರಲ್ಲೂ ಕೊನೆಗೆ ‘ಟಿ’ ಅಕ್ಷರ ಇದೆ, ಆದರೆ ಅದು ಕೇಳಿಸುವುದಿಲ್ಲ. ಹುಡುಗಿಯದ್ದರಲ್ಲಿ ಆ ಟಿ ಆದ ಮೇಲೆ ಒಂದು ‘ಇ’ ಸೇರುತ್ತದೆ, ಟಿ ಬಾಯಿ ಬಿಡುತ್ತದೆ. ಬರೆದದ್ದನ್ನೆಲ್ಲ ಓದುವ ಕನ್ನಡದ ಮಕ್ಕಳಿಗೆ ಫ್ರೆಂಚ್‌ನಲ್ಲಿ ಇದಕ್ಕಿಂತ ದೊಡ್ಡ ಕಷ್ಟ ಇನ್ನೊಂದಿಲ್ಲ. ಅದನ್ನು ದಿನಾ ಹಾಜರಿಯಲ್ಲೇ ಬಾಯಿಗೆ ಹಚ್ಚಿದರೆ ಮುಂದೆ ವಿಶೇಷಣದ ಪಾಠಕ್ಕೆ ಬಂದಾಗ ಅರ್ಧ ಕೆಲಸ ಆಗಿರುತ್ತದೆ.

ಗಲಾಟೆ ಎದ್ದರೆ ಅದರ ಮೇಲೆ ಕೂಗಬೇಡಿ. ನೀವು ಜೋರು ಮಾಡಿದಷ್ಟೂ ಅವರೂ ಜೋರು ಮಾಡುತ್ತಾರೆ. ಐದರಿಂದ ಕೆಳಕ್ಕೆ ಎಣಿಸಿ, ಬೆರಳು ತೋರಿಸುತ್ತಾ: ಸೆಂಕ್, ಕಾತ್ರ್, ತ್ರುವಾ, ದೊ, ಅಂ, ಝೆರೊ. ಪ್ರತಿ ಸಂಖ್ಯೆಗೂ ದನಿ ಇಳಿಸುತ್ತಾ ಬನ್ನಿ, ಸೊನ್ನೆ ಬರುವ ಹೊತ್ತಿಗೆ ಬರೀ ತುಟಿ ಆಡಬೇಕು. ಸೊನ್ನೆಗೆ ಪೆನ್ನು ಕೆಳಗೆ, ಕಣ್ಣು ನಿಮ್ಮ ಕಡೆ. ಆಗದಿದ್ದರೆ ಮತ್ತೆ ಮೊದಲಿಂದ ಎಣಿಸಿ, ಬೈಯಬೇಡಿ. ಈ ನಿಯಮಗಳನ್ನೆಲ್ಲ ಮೊದಲ ವಾರ ಕನ್ನಡದಲ್ಲೇ ವಿವರಿಸಿ. ಯಾಕೆ ಮಾಡುತ್ತಿದ್ದೀವಿ ಅನ್ನುವುದು ಮಗುವಿಗೆ ತನ್ನ ಮಾತಲ್ಲಿ ಗೊತ್ತಾಗಬೇಕು.

ರಾಗ ಎಳೆಯುವವರ ವಿಷಯ. ಆ ಮಕ್ಕಳಿಗೆ ಹೊಸ ದನಿ ಆಡಿ ನೋಡುವ ಆಸೆ ಇದೆ, ಒಬ್ಬರೇ ಆಡಲು ನಾಚಿಕೆಯೂ ಇದೆ. ಅದಕ್ಕೇ ತಮಾಷೆ ಮಾಡುತ್ತಾರೆ. ನೀವೇ ಆ ಆಟ ಕೊಟ್ಟುಬಿಡಿ. ಇಡೀ ಕ್ಲಾಸು ಒಟ್ಟಿಗೆ ಬೊಂಜೂರ್ ಹೇಳಲಿ, ಒಮ್ಮೆ ಪಿಸುಮಾತಲ್ಲಿ, ಒಮ್ಮೆ ಕೋಪದಲ್ಲಿ, ಒಮ್ಮೆ ಕಟ್ಟಿನಕೆರೆ ಮಾರ್ಕೆಟ್‌ನಲ್ಲಿ ಸೊಪ್ಪು ಮಾರುವವರು ಕೂಗುವ ಹಾಗೆ. ನಾನು ಇದನ್ನು ಮಾಡಿಸಿದ ದಿನ, ಅತಿ ಹೆಚ್ಚು ಕೀಟಲೆ ಮಾಡುತ್ತಿದ್ದ ಹುಡುಗನ ಗಂಟಲಿಂದ ನಿಜವಾದ ಫ್ರೆಂಚ್ ‘ರ’ ಹೊರಟಿತು. ಅವನಿಗೇ ಆಶ್ಚರ್ಯ. ಅವತ್ತಿಂದ ಆ ಅಕ್ಷರ ಹೇಳಿಕೊಡುವ ಕೆಲಸ ಅವನದೇ ಆಯಿತು.

ಊಟ ಆದ ಮೇಲೆ ಮಕ್ಕಳನ್ನು ಕೂರಿಸಿದರೆ ತೂಕಡಿಕೆ, ಇಲ್ಲ ಕಿತಾಪತಿ. ಎಬ್ಬಿಸಿ. ‘ಲೆವೆ ವು’ ಅಂದರೆ ಏಳಬೇಕು, ‘ಅಸೆಯೆ ವು’ ಅಂದರೆ ಕೂರಬೇಕು, ಬಾಗಿಲು ಮುಟ್ಟಿ, ಕಿಟಕಿ ತೋರಿಸಿ, ಹೀಗೆ ಐದು ನಿಮಿಷ. ಮಗು ಬಾಯಿ ಬಿಡುವ ಮೊದಲು ಮೈಯಿಂದ ಉತ್ತರ ಕೊಡಲಿ ಅಂತ ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಆಶರ್ 1960ರ ದಶಕದಲ್ಲೇ ಈ ದಾರಿಯನ್ನು ಬೆಳೆಸಿದರು. ಹೊಸ ಭಾಷೆ ಶುರು ಮಾಡುವ ಮಕ್ಕಳಿಗೆ ಇವತ್ತಿಗೂ ಇದು ಚೆನ್ನಾಗಿ ಹಿಡಿಸುತ್ತದೆ.

ಮೂರು ವಾರ ಕೊಡಿ. ಮೊದಲ ವಾರ ಹೊಸದು ಅಂತ ಮಾಡುತ್ತಾರೆ. ಎರಡನೇ ವಾರ ಬೇಜಾರಾಗಿ ಮುಂಚಿಗಿಂತ ಜಾಸ್ತಿ ಹಾಳಾಗುತ್ತದೆ, ಆಗ ಬಿಟ್ಟುಬಿಡಬೇಡಿ. ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷ ಅಲ್ಲೇ ಬಿಟ್ಟಿದ್ದೆ, ಇಡೀ ವರ್ಷ ಅನುಭವಿಸಿದೆ. ಬಿಸಿನೀರು ಕುಡಿಯಿರಿ, ಗಂಟಲು ನೋಡಿಕೊಳ್ಳಿ.

ಪ್ರಶ್ನೆ: ನಮ್ಮ ಮಗಳು ಆರನೇ ಕ್ಲಾಸು. ಫ್ರೆಂಚ್ ಪೀರಿಯಡ್‌ನಲ್ಲಿ ಕನ್ನಡ ಬಾಯಿಗೆ ಬಂದರೆ ಐದು ರೂಪಾಯಿ ದಂಡವಂತೆ, ಹೆಸರು ಬೋರ್ಡಿನ ಮೇಲೆ ಬರೆಯುತ್ತಾರಂತೆ. ಮೊನ್ನೆ ಮಿಸ್‌ಗೆ ‘ತ್ಯು’ ಅಂದಳು ಅಂತ ಮರ್ಯಾದೆ ಗೊತ್ತಿಲ್ಲ ಅನ್ನಿಸಿಕೊಂಡು ಬಂದಳು. ಈಗ ಕ್ಲಾಸಲ್ಲಿ ಬಾಯೇ ಬಿಡುತ್ತಿಲ್ಲ. ಹೋಗಿ ಮಾತಾಡಿದರೆ ಮಗಳಿಗೆ ಇನ್ನೂ ತೊಂದರೆ ಆಗುತ್ತಾ?
— ಒಬ್ಬ ತಾಯಿ, ಚನ್ನರಾಯಪಟ್ಟಣ

ಉತ್ತರ: ಹೋಗಿ ಮಾತಾಡಿ ಅಮ್ಮ. ಜಗಳಕ್ಕಲ್ಲ, ಮಗಳು ಬಾಯಿ ಮುಚ್ಚಿಕೊಂಡಿದ್ದಾಳೆ ಅಂತ ತಿಳಿಸಲಿಕ್ಕೆ. ಬಹಳ ಮಿಸ್‌ಗಳಿಗೆ ಅದು ಕಾಣುವುದೇ ಇಲ್ಲ, ಸುಮ್ಮನಿರುವ ಮಗು ಒಳ್ಳೆ ಮಗು ಅಂದುಕೊಂಡಿರುತ್ತಾರೆ.

ದಂಡದ ವಿಷಯದಲ್ಲಿ ನನಗೆ ತುಂಬಾ ಸಂಕಟ ಆಗುತ್ತದೆ. ಯಾಕಂದರೆ ಇದೇ ತಪ್ಪನ್ನು ಫ್ರಾನ್ಸ್ ಕೂಡ ಮಾಡಿದೆ. ಅಲ್ಲಿನ ಪಶ್ಚಿಮದ ತುದಿಯಲ್ಲಿ ಬ್ರಿಟನಿ ಅನ್ನುವ ಸೀಮೆ ಇದೆ, ಅಲ್ಲಿ ಎಷ್ಟೋ ಜನರ ಮನೆಮಾತು ಬ್ರೆಟನ್ ಆಗಿತ್ತು. 19ನೇ ಶತಮಾನದಲ್ಲಿ, 20ನೇ ಶತಮಾನ ಬಂದ ಮೇಲೂ, ಶಾಲೆಯಲ್ಲಿ ಬ್ರೆಟನ್ ಆಡಿ ಸಿಕ್ಕಿಬಿದ್ದ ಮಗುವಿನ ಕೊರಳಿಗೆ ಮರದ ಮೆಟ್ಟನ್ನೋ ಮರದ ತುಂಡನ್ನೋ ನೇತು ಹಾಕುತ್ತಿದ್ದರು. ‘ಸೆಂಬೊಲ್’ ಅಂತ ಅದನ್ನು ಕರೆಯುತ್ತಿದ್ದರು. ಅದನ್ನು ಕಳಚಬೇಕಾದರೆ ಬ್ರೆಟನ್ ಆಡುವ ಇನ್ನೊಂದು ಮಗುವನ್ನು ಹಿಡಿದುಕೊಡಬೇಕಿತ್ತು. ಇವತ್ತು ಯುನೆಸ್ಕೊ ಪಟ್ಟಿಯಲ್ಲಿ ಬ್ರೆಟನ್ ಗಂಭೀರ ಅಪಾಯದಲ್ಲಿರುವ ಭಾಷೆ. ಆ ನೋವನ್ನು ನಮ್ಮ ಮಕ್ಕಳಿಗೆ, ಅದೂ ಫ್ರೆಂಚ್ ಹೆಸರಲ್ಲಿ, ನಾವು ಕೊಡಬಾರದು. ಕಾನೂನು ಕೂಡ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಮಕ್ಕಳಿಗೆ ಹೊಡೆಯುವುದನ್ನಷ್ಟೇ ಅಲ್ಲ, ಮಾನಸಿಕ ಹಿಂಸೆಯನ್ನೂ ನಿಷೇಧಿಸುತ್ತದೆ. ಮಾತು ಮೊದಲು ಮೆಲ್ಲಗೆ ಆಡಿ, ಕಾಯ್ದೆ ಜ್ಞಾಪಕದಲ್ಲಿರಲಿ.

ಮಿಸ್‌ಗೆ ಒಂದು ಬದಲಿ ದಾರಿಯನ್ನೂ ಹೇಳಿ. ಮಗುವಿಗೆ ಫ್ರೆಂಚ್ ಪದ ಗೊತ್ತಿಲ್ಲದಿದ್ದರೆ ಕನ್ನಡ ಪದ ಇಟ್ಟುಕೊಂಡೇ ಕೇಳಬಹುದು: ‘ಕೊಮಾಂ ದಿತೊಂ ಕೊಡೆ ಆಂ ಫ್ರಾಂಸೆ?’ ಕೊಡೆಗೆ ಫ್ರೆಂಚ್‌ನಲ್ಲಿ ಏನಂತಾರೆ ಅಂತ. ಆಗ ಕನ್ನಡ ತಪ್ಪಾಗುವುದಿಲ್ಲ, ಮೆಟ್ಟಿಲಾಗುತ್ತದೆ. ‘ಝ್ ನ್ ಕೊಂಪ್ರಾಂ ಪಾ’, ನನಗೆ ಅರ್ಥ ಆಗಲಿಲ್ಲ, ಇದನ್ನೂ ಧೈರ್ಯವಾಗಿ ಹೇಳುವ ಹಾಗಿರಬೇಕು. ಇನ್ನೊಂದು, ಪ್ರಶ್ನೆ ಕೇಳಿದ ಮೇಲೆ ಕಾಯುವುದು. ಮೇರಿ ಬಡ್ ರೋ ಅನ್ನುವ ಸಂಶೋಧಕಿ ಅಮೆರಿಕದ ಕ್ಲಾಸುಗಳಲ್ಲಿ ಅಳೆದು ನೋಡಿದಾಗ ಶಿಕ್ಷಕರು ಪ್ರಶ್ನೆ ಕೇಳಿ ಸುಮಾರು ಒಂದೇ ಸೆಕೆಂಡ್ ಕಾಯುತ್ತಿದ್ದರು. ಮೂರು ಸೆಕೆಂಡ್ ಕಾದರೆ ಸಾಕು, ಹೆಚ್ಚು ಮಕ್ಕಳು ಬಾಯಿ ಬಿಟ್ಟರು, ಉತ್ತರವೂ ಉದ್ದವಾಯಿತು. ಗೊತ್ತಿಲ್ಲದ ಭಾಷೆಯಲ್ಲಿ ಮೂರು ಸೆಕೆಂಡ್ ಕೂಡ ಕಡಿಮೆಯೇ, ಅಲ್ವಾ?

‘ತ್ಯು’ ಅಂದಿದ್ದು ಮರ್ಯಾದೆ ಇಲ್ಲದ್ದಕ್ಕಲ್ಲ. ಅದು ‘ನೀನು’, ‘ವು’ ಅಂದರೆ ‘ನೀವು’. ಇದು ಕನ್ನಡದ ಮಗುವಿಗೆ ಒಂದೇ ಮಾತಲ್ಲಿ ತಿಳಿಯುತ್ತದೆ. ಇವತ್ತಿನ ಫ್ರಾನ್ಸಿನ ಮನೆಗಳಲ್ಲೂ ಅಮ್ಮನಿಗೆ ಸಾಮಾನ್ಯವಾಗಿ ತ್ಯು, ಶಾಲೆಯ ಮಿಸ್‌ಗೆ ವು. ನಿಮ್ಮ ಮನೆಯಲ್ಲೂ ಹಾಗೇ ತಾನೇ? ಅಷ್ಟು ಹೇಳಿ ಮಗಳಿಗೆ, ಅವಳು ಇನ್ನು ತಪ್ಪುವುದಿಲ್ಲ.

ಪ್ರಶ್ನೆ: ಮಳೆಗಾಲದಲ್ಲಿ ನಮ್ಮ ಕಡೆ ಯಾವ ರೂಢಿಯೂ ನಿಲ್ಲುವುದಿಲ್ಲ ಮೇಡಂ. ಜುಲೈ, ಆಗಸ್ಟ್‌ನಲ್ಲಿ ರಜೆ ಮೇಲೆ ರಜೆ. ಎಸ್ಟೇಟ್ ಕಡೆಯ ಮಕ್ಕಳ ಬಸ್ಸು ಲೇಟು. ಶೀಟಿನ ಮೇಲೆ ಮಳೆ ಬಿದ್ದರೆ ನನ್ನ ಮಾತು ಎರಡನೇ ಬೆಂಚಿಗೇ ಕೇಳುವುದಿಲ್ಲ.
— ಫ್ರೆಂಚ್ ಶಿಕ್ಷಕ, ಮೂಡಿಗೆರೆ

ಉತ್ತರ: ಸರ್, ಮಲೆನಾಡಿನ ಮಳೆಗೆ ನಾವೇ ಹೊಂದಿಕೊಳ್ಳಬೇಕು. ಜೂನ್ ಮೊದಲ ವಾರದಲ್ಲೇ ಪ್ರತಿ ಆಜ್ಞೆಗೂ ಒಂದು ಕೈಸನ್ನೆ ಕಲಿಸಿಬಿಡಿ. ಕೇಳಿ, ಬರೆಯಿರಿ, ಇಬ್ಬಿಬ್ಬರು ಮಾಡಿ, ನಿಲ್ಲಿಸಿ, ಇಷ್ಟು ಸಾಕು. ಶೀಟಿನ ಸದ್ದು ಜೋರಾದ ದಿನ ಮಾತಿನ ಪಾಠ ಬೇಡವೇ ಬೇಡ, ಅದು ಬರವಣಿಗೆ ದಿನ ಅಂತ ಮಕ್ಕಳಿಗೆ ಮೊದಲೇ ಗೊತ್ತಿರಲಿ. ‘ಇಲ್ ಪ್ಲೋ’, ಮಳೆ ಬರುತ್ತಿದೆ, ಈ ಎರಡು ಪದ ಬೋರ್ಡಿನ ಮೇಲೆ ಬಿದ್ದರೆ ನೋಟ್‌ಬುಕ್ಕು ತಾನಾಗಿ ತೆರೆಯಬೇಕು.

ಬಸ್ಸಿನ ಮಕ್ಕಳು ತಡವಾಗಿ ಬಂದಾಗ ಬಾಗಿಲಲ್ಲಿ ನಿಲ್ಲಿಸಿ ಕಾರಣ ಕೇಳಬೇಡಿ. ಬಸ್ಸು ಲೇಟಾದದ್ದು ಅವರ ತಪ್ಪಲ್ಲ. ಮೆಲ್ಲಗೆ ಬೊಂಜೂರ್ ಹೇಳಿ, ಒದ್ದೆ ಕೊಡೆ ಮೂಲೆಗಿಟ್ಟು, ಬೋರ್ಡಿನ ಎಡಗಡೆ ಬರೆದ ಕೆಲಸ ನೋಡಿ ಶುರು ಮಾಡಲಿ. ಆ ಎಡಗಡೆ ಜಾಗ ಯಾವತ್ತೂ ಅಳಿಸಬಾರದು. ಮತ್ತೆ, ತಾರೀಖು ಬರೆಯುವುದು, ಹಾಜರಿ ಕೂಗುವುದು, ಪುಸ್ತಕ ಹಂಚುವುದು ಇವನ್ನೆಲ್ಲ ವಾರಕ್ಕೊಬ್ಬರಂತೆ ಮಕ್ಕಳಿಗೇ ಕೊಡಿ. ನಾಲ್ಕು ದಿನ ರಜೆ ಕಳೆದು ಬಂದಾಗ ನಿಮಗಿಂತ ಮೊದಲು ಆ ಮಗುವೇ ಚಾಕ್‌ಪೀಸ್ ಎತ್ತಿಕೊಳ್ಳುತ್ತದೆ.

ಪ್ರಶ್ನೆ: ನಾನು ಒಂಬತ್ತನೇ ಕ್ಲಾಸು. ಫ್ರೆಂಚ್ ನನಗೆ ಇಷ್ಟ. ಸರಿಯಾಗಿ ಉಚ್ಚಾರ ಮಾಡಿದರೆ ಫ್ರೆಂಡ್ಸ್ ‘ಓಹೋ ಪ್ಯಾರಿಸ್’ ಅಂತ ರೇಗಿಸುತ್ತಾರೆ. ‘ಹಾಸನದಲ್ಲಿ ಇದನ್ನಿಟ್ಟುಕೊಂಡು ಏನು ಮಾಡ್ತೀಯ’ ಅಂತಾರೆ.
— ವಿದ್ಯಾರ್ಥಿ, ಗೊರೂರು

ಉತ್ತರ: ಮಗೂ, ಮೊದಲು ಅವರಿಗೆ ಹೇಳು, ಅದು ಪ್ಯಾರಿಸ್ ಅಲ್ಲ, ‘ಪಾರೀ’. ಕೊನೆಯ ಅಕ್ಷರ ಕೇಳಿಸುವುದಿಲ್ಲ. ‘ತ್ಯು’ ಅನ್ನುವುದರಲ್ಲಿ ಬರುವ ಕಷ್ಟದ ‘ಉ’ ಸ್ವರವನ್ನೂ ಕಲಿಸು: ಬಾಯಲ್ಲಿ ‘ಈ’ ಅನ್ನುತ್ತಲೇ ತುಟಿಯನ್ನು ‘ಊ’ಗೆ ದುಂಡಗೆ ಮಾಡಬೇಕು. ರೇಗಿಸುವವರಲ್ಲಿ ಒಬ್ಬರಾದರೂ ಪ್ರಯತ್ನ ಮಾಡುತ್ತಾರೆ. ಆ ಒಬ್ಬರ ಪಕ್ಕ ಕೂರು.

ಹಾಸನದಲ್ಲಿ ಏನು ಮಾಡುವುದು ಅಂತ ಕೇಳಿದರಲ್ಲ, ಉತ್ತರ ನಿನ್ನೂರಿನ ಪಕ್ಕದಲ್ಲೇ ಇದೆ. ಶೆಟ್ಟಿಹಳ್ಳಿಯ ಚರ್ಚ್ ಕಟ್ಟಿದ್ದು ಫ್ರೆಂಚ್ ಮಿಷನರಿಗಳು, 1860ರ ದಶಕದಲ್ಲಿ. ಆಮೇಲೆ ಗೊರೂರಿನ ಹೇಮಾವತಿ ಅಣೆಕಟ್ಟೆಯ ಹಿನ್ನೀರು ಅದನ್ನು ಸುತ್ತಿಕೊಂಡಿತು. ಮಳೆಗಾಲದಲ್ಲಿ ನೀರಿನ ನಡುವೆ ನಿಂತಿರುತ್ತದೆ, ಬೇಸಿಗೆಯಲ್ಲಿ ಹತ್ತಿರಕ್ಕೇ ನಡೆದು ಹೋಗಬಹುದು. ಒಂದು ಭಾನುವಾರ ಮನೆಯವರ ಜೊತೆ ಹೋಗು, ನೀರಿಗೆ ಮಾತ್ರ ಇಳಿಯಬೇಡ, ಹಳೇ ಗೋಡೆಗಳ ಕೆಳಗೂ ನಿಲ್ಲಬೇಡ. ನೀರಿದ್ದರೆ ‘ಲೆಗ್ಲೀಝ್ ಎ ದಾಂ ಲೋ’ ಅಂತ ಬರಿ, ಚರ್ಚ್ ನೀರಿನಲ್ಲಿದೆ ಅಂತ. ಅದರ ಮುಂದೆ ಇನ್ನೆರಡು ವಾಕ್ಯ ನಿನ್ನದೇ ಸೇರಿಸು. ಸೋಮವಾರ ಕ್ಲಾಸಲ್ಲಿ ಓದಿ ತೋರಿಸು, ಆಮೇಲೆ ನನಗೂ ಕಳಿಸು. ತಪ್ಪಿದ್ದರೆ ತಿದ್ದಬೇಡ, ಹಾಗೇ ಕಳಿಸು, ನಾನು ನೋಡುತ್ತೇನೆ.