ಮೊದಲ ಪ್ರಬಂಧಕ್ಕೆ ‘ಮೇಜರ್ ರಿವಿಷನ್’ (ದೊಡ್ಡ ತಿದ್ದುಪಡಿ ಮಾಡಿ ಮತ್ತೆ ಕಳುಹಿಸಿ ಎಂಬ ಸೂಚನೆ) ಬಂದಿದೆ. ಹಿಂತೆಗೆದುಕೊಂಡು ಬೇರೆ ಜರ್ನಲ್‌ಗೆ ಕಳುಹಿಸಲೇ?

ಹಿಂತೆಗೆದುಕೊಳ್ಳಬೇಡಿ. ನೀವು ಬರೆದಿರುವುದನ್ನು ನೋಡಿದರೆ ನಿಮ್ಮ ಪ್ರಬಂಧ ಪ್ರಕಟಣೆಯ ದಾರಿಯಲ್ಲೇ ಇದೆ.

ನಾನು ಸಸ್ಯರೋಗಶಾಸ್ತ್ರದವಳು. ಬಹಳ ವರ್ಷಗಳಿಂದ ಹಸ್ತಪ್ರತಿಗಳನ್ನು ವಿಮರ್ಶೆ ಮಾಡುತ್ತಿದ್ದೇನೆ, ಒಂದು ಜರ್ನಲ್‌ನ ಸಹಸಂಪಾದಕಿಯಾಗಿಯೂ ಕೆಲಸ ಮಾಡಿದ್ದೇನೆ. ನೀವು ಕೊಟ್ಟ ವಿವರ ಇಷ್ಟು: ಶಿಲೀಂಧ್ರದಿಂದ ಬರುವ ರಾಗಿಯ ಬೆಂಕಿ ರೋಗಕ್ಕೆ ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರ ಬಳಸಿದ ಕ್ಷೇತ್ರ ಪ್ರಯೋಗ, ನಾಲ್ಕು ಉಪಚಾರ (ಹೋಲಿಸಿ ನೋಡುವ ವಿಧಾನಗಳು), ಪ್ರತಿಯೊಂದಕ್ಕೂ ಮೂರು ಪುನರಾವರ್ತನೆ, ಒಂದೇ ಮುಂಗಾರು. ಮೊದಲ ವಿಮರ್ಶಕರು ಎರಡನೇ ಹಂಗಾಮಿನ ಅಂಕಿಅಂಶ ಕೇಳಿದ್ದಾರೆ. ಎರಡನೆಯವರು ಸಂಖ್ಯಾಶಾಸ್ತ್ರದ ವಿಶ್ಲೇಷಣೆಯೇ ಸರಿಯಿಲ್ಲ ಎಂದಿದ್ದಾರೆ. ಅವರು ಪ್ರಬಂಧವನ್ನು ಓದಿಯೇ ಇಲ್ಲ ಎಂಬುದು ನಿಮ್ಮ ಬೇಸರ. ಇದರ ನಡುವೆ ಸ್ನೇಹಿತರೊಬ್ಬರು ಹತ್ತೇ ದಿನದಲ್ಲಿ ಪ್ರಕಟಿಸಿಕೊಡುವ ಇನ್ನೊಂದು ಜರ್ನಲ್ ತೋರಿಸಿದ್ದಾರೆ.

ಸಂಪಾದಕರ ಮೇಜಿನ ಮೇಲೆ ಏನು ನಡೆಯುತ್ತದೆ ಎಂದು ಗೊತ್ತಾದರೆ ಆ ಪತ್ರವನ್ನು ಓದುವ ರೀತಿಯೇ ಬದಲಾಗುತ್ತದೆ. ಹಸ್ತಪ್ರತಿ ಬಂದ ಕೂಡಲೇ ಕೃತಿಚೌರ್ಯದ ತಪಾಸಣೆ ಆಗುತ್ತದೆ, ಸಂಪಾದಕರು ಸಾರಾಂಶ ಓದಿ ವಿಷಯ ತಮ್ಮ ಜರ್ನಲ್‌ಗೆ ಹೊಂದುತ್ತದೆಯೇ ಎಂದು ನೋಡುತ್ತಾರೆ. ಎಷ್ಟೋ ಪ್ರಬಂಧಗಳು ಅಲ್ಲಿಂದಲೇ ಮರಳುತ್ತವೆ. ಉಳಿದವಕ್ಕೆ ವಿಮರ್ಶಕರನ್ನು ಹುಡುಕಬೇಕು. ಕೆಲವರು ಒಲ್ಲೆ ಎನ್ನುತ್ತಾರೆ, ಕೆಲವರು ಉತ್ತರವನ್ನೇ ಕೊಡುವುದಿಲ್ಲ; ನೀವು ಕಾದ ತಿಂಗಳುಗಳಲ್ಲಿ ದೊಡ್ಡ ಪಾಲು ಈ ಹುಡುಕಾಟದಲ್ಲೇ ಕಳೆದಿರುತ್ತದೆ. ಒಪ್ಪಿಕೊಂಡವರು ಸಾಮಾನ್ಯವಾಗಿ ಬಿಡಿಗಾಸೂ ಪಡೆಯದೆ, ತಮ್ಮ ಪಾಠ, ಪ್ರಯೋಗ, ಮನೆ ಎಲ್ಲ ಮುಗಿಸಿದ ಮೇಲೆ ಕುಳಿತು ಓದುತ್ತಾರೆ. ಇಷ್ಟೆಲ್ಲ ಆದ ಮೇಲೆ ಸಂಪಾದಕರಿಗೆ ಪ್ರಬಂಧ ಬೇಡವೆನಿಸಿದ್ದರೆ ತಿರಸ್ಕರಿಸಿ ಕೈತೊಳೆದುಕೊಳ್ಳುವುದು ಸುಲಭವಿತ್ತು. ಪರಿಷ್ಕರಿಸಿ ತನ್ನಿ ಎಂದಿದ್ದಾರೆಂದರೆ ಇದರಲ್ಲಿ ಹುರುಳಿದೆ ಎಂದು ಅವರಿಗೆ ಅನ್ನಿಸಿದೆ. ಕೊನೆಯ ತೀರ್ಮಾನ ವಿಮರ್ಶಕರದ್ದಲ್ಲ, ಸಂಪಾದಕರದ್ದು ಎಂಬುದನ್ನೂ ನೆನಪಿಡಿ.

ಈಗ ಎರಡನೇ ವಿಮರ್ಶಕರ ಮಾತು. ಅವರು ನಿಮ್ಮ ಪ್ರಬಂಧವನ್ನು ಓದಿದ್ದಾರೆ, ಬಹಳ ಚೆನ್ನಾಗಿಯೇ ಓದಿದ್ದಾರೆ. ನಾಲ್ಕು ಉಪಚಾರ, ಮೂರು ಪುನರಾವರ್ತನೆ ಎಂದರೆ ನಿಮ್ಮಲ್ಲಿರುವುದು ಒಟ್ಟು 12 ತಾಕು. ಪ್ರತಿ ತಾಕಿನಲ್ಲಿ ಹತ್ತು ಗಿಡಗಳಿಗೆ ರೋಗದ ಅಂಕ ಕೊಟ್ಟು, 120 ಗಿಡಗಳನ್ನು 120 ಸ್ವತಂತ್ರ ಮಾಹಿತಿಗಳೆಂದು ಲೆಕ್ಕಕ್ಕೆ ಹಾಕಿದ್ದೀರಿ. ಟ್ರೈಕೋಡರ್ಮಾ ಕೊಟ್ಟದ್ದು ತಾಕಿಗೆ, ಒಂದೊಂದು ಗಿಡಕ್ಕೆ ಬೇರೆ ಬೇರೆಯಾಗಿ ಅಲ್ಲ. ಒಂದೇ ಪಾತ್ರೆಯ ಸಾರನ್ನು ಹತ್ತು ಸೌಟಿನಲ್ಲಿ ರುಚಿ ನೋಡಿದರೂ ನೋಡಿದ್ದು ಒಂದೇ ಅಡುಗೆಯನ್ನು. ಅದೇ ತಾಕಿನ ಗಿಡಗಳು ಒಂದೇ ಮಣ್ಣು, ಒಂದೇ ತೇವ, ಪಕ್ಕದ ಗಿಡದಿಂದ ಹಾರಿ ಬಂದ ಅದೇ ಬೀಜಕಣಗಳನ್ನು ಹಂಚಿಕೊಂಡಿರುತ್ತವೆ. ಪ್ರತಿ ತಾಕಿನ ಸರಾಸರಿ ತೆಗೆದು 12 ಅಂಕಿಗಳನ್ನಿಟ್ಟುಕೊಂಡು ವಿಶ್ಲೇಷಿಸಿ. ಬ್ಲಾಕ್ ವಿನ್ಯಾಸವಾಗಿದ್ದರೆ (ಹೊಲವನ್ನು ಭಾಗ ಮಾಡಿ ಪ್ರತಿ ಭಾಗದಲ್ಲೂ ಎಲ್ಲ ಉಪಚಾರ ಇಟ್ಟಿದ್ದರೆ) ದೋಷದ ಪಾಲಿಗೆ ಡಿಗ್ರೀಸ್ ಆಫ್ ಫ್ರೀಡಮ್, ಅಂದರೆ ದೋಷವನ್ನು ಅಂದಾಜಿಸಲು ಸಿಗುವ ಸ್ವತಂತ್ರ ಮಾಹಿತಿಯ ಎಣಿಕೆ, ಬರೀ 6 ಉಳಿಯುತ್ತದೆ. ಇಲ್ಲವೇ ತಾಕನ್ನು ರ್‍ಯಾಂಡಮ್ ಅಂಶವಾಗಿ ಸೇರಿಸಿ, ಒಂದೇ ತಾಕಿನ ಗಿಡಗಳ ನಂಟನ್ನೂ ಲೆಕ್ಕಕ್ಕೆ ಹಿಡಿಯುವ ಮಿಶ್ರ ಮಾದರಿಯಲ್ಲಿ (ಮಿಕ್ಸೆಡ್ ಮಾಡೆಲ್) ಮಾಡಿ. ನಿಮ್ಮ ಕೆಲವು ‘ಗಮನಾರ್ಹ ವ್ಯತ್ಯಾಸ’ಗಳು, ಅಂದರೆ ಬರೀ ಆಕಸ್ಮಿಕವಲ್ಲ ಎಂದು ಲೆಕ್ಕ ತೋರಿಸಿದವು, ಬಿದ್ದುಹೋಗಬಹುದು. ಹೋಗಲಿ. ಉಳಿದವುಗಳನ್ನು ನಂಬಬಹುದು, ನಿಮ್ಮ ಫಲಿತಾಂಶ ನೋಡಿ ನಾಳೆ ರೈತರೊಬ್ಬರು ದುಡ್ಡು ಕೊಟ್ಟು ಟ್ರೈಕೋಡರ್ಮಾ ತರುತ್ತಾರೆ ಎಂಬುದು ನನಗೆ ಸಣ್ಣ ಸಂಗತಿಯಲ್ಲ.

ಮೊದಲ ವಿಮರ್ಶಕರು ಕೇಳಿದ್ದೂ ನ್ಯಾಯವೇ. ಬೆಂಕಿ ರೋಗ ಮಳೆ, ಇಬ್ಬನಿ, ಗಾಳಿಯ ತೇವಾಂಶದ ಮೇಲೆ ನಿಂತಿದೆ. ಒಂದು ವರ್ಷ ತೆನೆಯ ಬುಡಕ್ಕೆ ತಗಲುವ ಕುತ್ತಿಗೆ ಬೆಂಕಿ ಹೊಲವನ್ನೇ ಹಾಳು ಮಾಡಿದರೆ, ಮರುವರ್ಷ ಹುಡುಕಿದರೂ ಸಿಗುವುದಿಲ್ಲ. ಆದರೆ ಇನ್ನೊಂದು ಮುಂಗಾರಿಗೆ ಕಾಯುವಷ್ಟು ಸಮಯ ನಿಮಗಿಲ್ಲದಿದ್ದರೆ ಅದನ್ನು ಮುಚ್ಚಿಡದೆ ಹೇಳಿ, ಪ್ರಬಂಧದ ಮಾತನ್ನು ಅಷ್ಟಕ್ಕೇ ಇಳಿಸಿ. ಶೀರ್ಷಿಕೆಯಲ್ಲೋ ಸಾರಾಂಶದಲ್ಲೋ ಇದು ಒಂದು ಹಂಗಾಮಿನ ಪ್ರಯೋಗ ಎಂದು ಬರಲಿ. ‘ರೈತರಿಗೆ ಶಿಫಾರಸು ಮಾಡಲಾಗಿದೆ’ ಎಂಬ ಕೊನೆಯ ವಾಕ್ಯ ತೆಗೆಯಿರಿ. ಹತ್ತಿರದ ಹವಾಮಾನ ಕೇಂದ್ರದಿಂದ ಆ ಹಂಗಾಮಿನ ಮಳೆ ಮತ್ತು ತೇವಾಂಶದ ದಾಖಲೆ ತಂದು ಸೇರಿಸಿ. ಪಾಲಿಹೌಸ್‌ನಲ್ಲಿ ಕುಂಡಗಳಿಗೆ ರೋಗದ ಶಿಲೀಂಧ್ರ ಸಿಂಪಡಿಸಿ ಸಣ್ಣ ಪ್ರಯೋಗ ಮಾಡಲು ಸಾಧ್ಯವಾದರೆ ಮಾಡಿ. ಅದು ಎರಡನೇ ಹಂಗಾಮಿನ ಜಾಗ ತುಂಬುವುದಿಲ್ಲ, ಆದರೆ ಇನ್ನೊಂದು ಸಾಕ್ಷಿಯಾಗುತ್ತದೆ. ಇಷ್ಟು ಸಾಕಾದೀತೇ ಎಂದು ಸಂಪಾದಕರಿಗೆ ಮೊದಲೇ ಒಂದು ಇಮೇಲ್ ಬರೆದು ಕೇಳಬಹುದು. ವಿದ್ಯಾರ್ಥಿಗಳು ಇದಕ್ಕೆ ಏಕೆ ಹಿಂಜರಿಯುತ್ತಾರೋ! ಹಾಗೆ ಕೇಳಿದವರ ಮೇಲೆ ನನಗೆ ಯಾವಾಗಲೂ ಗೌರವವೇ ಹೆಚ್ಚಿದೆ.

ಉತ್ತರ ಪತ್ರವನ್ನು ಹೀಗೆ ಬರೆಯಿರಿ: ವಿಮರ್ಶಕರ ಪ್ರತಿಯೊಂದು ಮಾತನ್ನೂ ಇದ್ದ ಹಾಗೆ ನಕಲು ಮಾಡಿ, ಅದರ ಕೆಳಗೆ ನಿಮ್ಮ ಉತ್ತರ. ಉದಾಹರಣೆಗೆ, ‘ವಿಮರ್ಶಕರ ಆಕ್ಷೇಪ ಸರಿ. ತಾಕನ್ನೇ ಪ್ರಯೋಗದ ಘಟಕವಾಗಿಟ್ಟುಕೊಂಡು ವಿಶ್ಲೇಷಣೆಯನ್ನು ಮತ್ತೆ ಮಾಡಿದ್ದೇವೆ. ಎರಡನೇ ಮತ್ತು ಮೂರನೇ ಉಪಚಾರಗಳ ನಡುವಿನ ವ್ಯತ್ಯಾಸ ಈಗ ಗಮನಾರ್ಹವಾಗಿ ಉಳಿದಿಲ್ಲ. ಕೋಷ್ಟಕ 2 ಮತ್ತು 141ರಿಂದ 156ರವರೆಗಿನ ಸಾಲುಗಳನ್ನು ಬದಲಿಸಿದ್ದೇವೆ.’ ಧನ್ಯವಾದದ ಉದ್ದನೆಯ ಪೀಠಿಕೆ ಬೇಡ. ಒಪ್ಪದಿರುವ ಕಡೆ ಒಪ್ಪುವುದಿಲ್ಲ ಎಂದೇ ಬರೆಯಿರಿ, ಕಾರಣ ಕೊಡಿ. ಎಲ್ಲದಕ್ಕೂ ತಲೆಯಾಡಿಸಿದ ಉತ್ತರ ಪತ್ರ ಓದಿದಾಗ ಲೇಖಕರಿಗೆ ತಮ್ಮ ಕೆಲಸದ ಮೇಲೆ ಭರವಸೆಯಿದೆಯೇ ಎಂಬ ಅನುಮಾನ ಬರುತ್ತದೆ. ವಿಮರ್ಶಕರು ನಿಜವಾಗಿಯೂ ತಪ್ಪು ತಿಳಿದಿದ್ದರೆ, ಅವರಿಗೆ ಉತ್ತರ ಕೊಡುವುದರ ಜೊತೆಗೆ ಪ್ರಬಂಧದ ಆ ವಾಕ್ಯವನ್ನೂ ತಿದ್ದಿ. ಅದೇ ಕ್ಷೇತ್ರದಲ್ಲಿ ಪಳಗಿದವರು ಎಡವಿದ ಕಡೆ ಬೇರೆ ಓದುಗರೂ ಎಡವುತ್ತಾರೆ.

ಸಿಟ್ಟಿನಲ್ಲಿ ಹಿಂತೆಗೆದುಕೊಂಡವರಲ್ಲಿ ಐನ್‌ಸ್ಟೈನ್ ಕೂಡ ಇದ್ದಾರೆ. 1936ರಲ್ಲಿ ಅವರು ಮತ್ತು ನೇಥನ್ ರೋಸೆನ್, ಗುರುತ್ವದ ಅಲೆಗಳು ಇಲ್ಲ ಎಂದು ವಾದಿಸುವ ಪ್ರಬಂಧವನ್ನು ‘ಫಿಸಿಕಲ್ ರಿವ್ಯೂ’ಗೆ ಕಳುಹಿಸಿದರು. ಸಂಪಾದಕ ಜಾನ್ ಟೇಟ್ ಅದನ್ನು ತಜ್ಞರೊಬ್ಬರಿಗೆ ತೋರಿಸಿ, ಬಂದ ಟಿಪ್ಪಣಿಗಳನ್ನು ಮರಳಿಸಿದಾಗ, ಅಚ್ಚಾಗುವ ಮೊದಲು ಬೇರೆಯವರಿಗೆ ತೋರಿಸಲು ನಾವು ಒಪ್ಪಿಗೆ ಕೊಟ್ಟಿರಲಿಲ್ಲ ಎಂದು ಐನ್‌ಸ್ಟೈನ್ ಪ್ರಬಂಧವನ್ನೇ ವಾಪಸು ಪಡೆದರು. ಆ ವಿಮರ್ಶಕರು ಪ್ರಿನ್ಸ್‌ಟನ್‌ನ ಹೊವಾರ್ಡ್ ರಾಬರ್ಟ್‌ಸನ್. ಅದೇ ರಾಬರ್ಟ್‌ಸನ್ ಮುಂದೆ ಐನ್‌ಸ್ಟೈನ್ ಅವರ ಸಹಾಯಕ ಇನ್‌ಫೆಲ್ಡ್ ಜೊತೆ ಮಾತನಾಡುತ್ತ ದೋಷವನ್ನು ವಿವರಿಸಿದರು; 1937ರಲ್ಲಿ ಪ್ರಬಂಧ ಬೇರೊಂದು ಜರ್ನಲ್‌ನಲ್ಲಿ ತೀರ್ಮಾನವನ್ನೇ ಬದಲಿಸಿಕೊಂಡು ಬಂತು. ನಿಮಗೂ ಹಾಗೆಯೇ ಆಗಬಹುದು. ರಾಗಿಯ ಬೆಂಕಿ ರೋಗದ ಮೇಲೆ ಕೆಲಸ ಮಾಡುವವರು ಎಷ್ಟು ಜನರಿದ್ದಾರೆ? ಮುಂದಿನ ಜರ್ನಲ್‌ನವರೂ ಅದೇ ವ್ಯಕ್ತಿಗೆ ಕಳುಹಿಸಿದರೆ, ತಾನು ಹೇಳಿದ ಒಂದನ್ನೂ ತಿದ್ದದ ಹಸ್ತಪ್ರತಿ ಅವರ ಕೈಗೇ ಹೋಗುತ್ತದೆ.

ಹತ್ತು ದಿನದ ಜರ್ನಲ್ ಬೇಡವೇ ಬೇಡ. 2013ರಲ್ಲಿ ‘ಸೈನ್ಸ್’ ಪತ್ರಿಕೆಗಾಗಿ ಜಾನ್ ಬೊಹಾನನ್ ಎಂಬ ಪತ್ರಕರ್ತರು ಬೇಕೆಂದೇ ತಪ್ಪುಗಳನ್ನು ತುಂಬಿದ ನಕಲಿ ಪ್ರಬಂಧವನ್ನು 304 ಮುಕ್ತ ಪ್ರವೇಶದ (ಯಾರು ಬೇಕಾದರೂ ಉಚಿತವಾಗಿ ಓದಬಹುದಾದ) ಜರ್ನಲ್‌ಗಳಿಗೆ ಕಳುಹಿಸಿದಾಗ 157 ಜರ್ನಲ್‌ಗಳು ಸ್ವೀಕರಿಸಿದವು. ಲೇಖಕರಿಂದ ಶುಲ್ಕ ಕೇಳುವುದೇ ತಪ್ಪಲ್ಲ, ಒಳ್ಳೆಯ ಮುಕ್ತ ಜರ್ನಲ್‌ಗಳೂ ಕೇಳುತ್ತವೆ. ಓದದೆ ಪ್ರಕಟಿಸುವುದು ತಪ್ಪು. ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ತಾನು ಒಪ್ಪಿದ ಜರ್ನಲ್‌ಗಳ ‘ಕೇರ್’ ಪಟ್ಟಿಯನ್ನು 2025ರಲ್ಲಿ ಕೈಬಿಟ್ಟ ಮೇಲೆ ಈ ವಿವೇಚನೆ ಇನ್ನಷ್ಟು ನಿಮ್ಮ ಮತ್ತು ನಿಮ್ಮ ಗೈಡ್ ಹೆಗಲ ಮೇಲೇ ಬಿದ್ದಿದೆ. ಇಲ್ಲಿ ಪರಿಶೀಲನೆಯಲ್ಲಿರುವಾಗಲೇ ಅಲ್ಲಿಗೂ ಕಳುಹಿಸುವುದಂತೂ ನೈತಿಕ ಅಪರಾಧ. ಗೊತ್ತಾದರೆ ಎರಡೂ ಕಡೆ ಬಾಗಿಲು ಮುಚ್ಚುತ್ತದೆ.

ಪರಿಷ್ಕರಣೆಯ ಗಡುವು ಕಡಿಮೆಯೆನಿಸಿದರೆ ಅದು ಮುಗಿಯುವ ಮೊದಲೇ ಹೆಚ್ಚಿನ ಸಮಯ ಕೇಳಿ, ಸಾಮಾನ್ಯವಾಗಿ ಕೊಡುತ್ತಾರೆ. ಮೊದಲು ತಾಕಿನ ಸರಾಸರಿಗಳ ವಿಶ್ಲೇಷಣೆ ಮುಗಿಸಿ, ಆ ಕೋಷ್ಟಕ ಹಿಡಿದು ಗೈಡ್ ಬಳಿ ಹೋಗಿ. ಅದರಲ್ಲಿ ಎಲ್ಲಾದರೂ ತೊಡಕಾದರೆ ಇಲ್ಲೇ ಕೆಳಗೆ ಬರೆಯಿರಿ, ನೋಡಿ ಉತ್ತರಿಸುತ್ತೇನೆ.