ನಿಮ್ಮ ಲೇಖನ ಶುರುವಾಗುವುದು ಒಂಬತ್ತನೇ ಪುಟದಲ್ಲಿ

ನಮಸ್ಕಾರ.

ನಿಮ್ಮ ಮುತ್ತಜ್ಜನ ಶಾಲೆಯ ಬಗ್ಗೆ ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಹಾಗಂತ ಬಿಸಾಡುವ ಬರಹವೂ ಅಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ. ಬೇಜಾರು ಮಾಡಿಕೊಳ್ಳಬೇಡಿ.

ತುಮಕೂರು ಕಡೆಯ ಒಂದು ಹಳ್ಳಿ. 1906ರಿಂದ 1918ರವರೆಗೆ ಅಲ್ಲಿ ಇದ್ದೊಬ್ಬರೇ ಮೇಷ್ಟ್ರು ನಿಮ್ಮ ಮುತ್ತಜ್ಜ. ಒಟ್ಟು ಹದಿನಾಲ್ಕು ಪುಟ. ಮೊದಲ ಎಂಟು ಪುಟದಲ್ಲಿ ಅವರು ಬರುವುದೇ ಇಲ್ಲ. ಗುರುಕುಲ ಬರುತ್ತದೆ, ನಳಂದ ಬರುತ್ತದೆ, ಮೆಕಾಲೆಗೆ ಬೈಗುಳ ಬೀಳುತ್ತದೆ, ಅಜ್ಞಾನದ ಕತ್ತಲೆ ಮೂರು ಸಲ ಕವಿದು ಮೂರು ಸಲ ಓಡುತ್ತದೆ. ಇದನ್ನೆಲ್ಲ ನಾನು ಶಾಲೆಗಳ ಶತಮಾನೋತ್ಸವದ ಸ್ಮರಣ ಸಂಚಿಕೆಗಳಲ್ಲಿ ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ. ಒಂದನ್ನು ನಾನೇ ಬರೆದಿದ್ದೇನೆ, ಈಗ ಯಾರಿಗೂ ತೋರಿಸುವುದಿಲ್ಲ.

ಒಂಬತ್ತನೇ ಪುಟದಲ್ಲಿ ಎರಡು ಸಾಲು ಇವೆ. ಊರಲ್ಲಿ ಇಲಿ ಬಿತ್ತು, ಪ್ಲೇಗು ಅಂತ ಜನರೆಲ್ಲ ಮನೆ ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡರು, ನಿಮ್ಮ ಮುತ್ತಜ್ಜ ಹಾಜರಿ ಪುಸ್ತಕವನ್ನು ಪಂಚೆಯಲ್ಲಿ ಕಟ್ಟಿಕೊಂಡು ಅವರ ಹಿಂದೆಯೇ ಹೋಗಿ ಹೊಂಗೆ ಮರದ ಕೆಳಗೆ ಮೂರು ತಿಂಗಳು ಶಾಲೆ ನಡೆಸಿದರು ಅಂತ. ಅಷ್ಟೇ. ಮುಂದಿನ ಸಾಲಿಗೇ ಅವರು 'ಧನ್ಯಜೀವಿ' ಆಗಿಬಿಡುತ್ತಾರೆ. ಅಲ್ಲ, ಇಂಥ ಚಿತ್ರ ಕೈಯಲ್ಲಿಟ್ಟುಕೊಂಡು ನಳಂದಕ್ಕೆ ಯಾಕೆ ಹೋದಿರಿ?

ಆ ಎರಡು ಸಾಲಲ್ಲಿ ನನಗೆ ಹಿಡಿಸಿದ್ದು ಗಂಟಿನೊಳಗೆ ಏನಿತ್ತು ಅನ್ನೋದು. ಪಠ್ಯಪುಸ್ತಕ ಅಲ್ಲ, ಸ್ಲೇಟಲ್ಲ, ಬೆತ್ತವಲ್ಲ. ಹಾಜರಿ ಪುಸ್ತಕ. ಯಾಕೆ ಅದೇ? ನೀವು ಈ ಪ್ರಶ್ನೆ ಕೇಳಿಕೊಂಡಿಲ್ಲ. ಆಗಿನ ಹಳ್ಳಿಶಾಲೆಗೆ ಸ್ವಂತ ಕಟ್ಟಡ ಇರುತ್ತಿದ್ದದ್ದು ಅಪರೂಪ. ಗುಡಿಯ ಪಡಸಾಲೆ, ಚಾವಡಿ, ಯಾರದೋ ಮನೆಯ ಜಗಲಿ, ಎಲ್ಲಿ ಜಾಗ ಕೊಟ್ಟರೆ ಅಲ್ಲಿ. ಇಂದು ಇಲ್ಲಿ, ನಾಳೆ ಅಲ್ಲಿ. ಸರ್ಕಾರದ ಕಣ್ಣಿಗೆ ಶಾಲೆ ಅಂದರೆ ಆ ಪುಸ್ತಕವೇ. ಇನ್‌ಸ್ಪೆಕ್ಟರು ಬಂದಾಗ ಮೊದಲು ಕೇಳುತ್ತಿದ್ದದ್ದು ಅದನ್ನೇ. ಹಾಜರಿ ಕುಸಿದರೆ ಶಾಲೆಯೇ ಎದ್ದುಹೋಗುವ ಭಯ, ಅದರ ಜೊತೆಗೆ ನಿಮ್ಮ ಮುತ್ತಜ್ಜನ 9 ರೂಪಾಯಿ ಸಂಬಳವೂ. ಭಕ್ತಿ ಇತ್ತೋ ಇಲ್ಲವೋ, ಹೊಟ್ಟೆಪಾಡಂತೂ ಇತ್ತು. ಅದನ್ನು ಬರೆದರೆ ಅವರು ಸಣ್ಣವರಾಗುವುದಿಲ್ಲ.

ಶಾಲೆ ನಡೆಸೋದು ಅಂದರೆ ಪಾಠ ಹೇಳೋದು ಅಂತ ನೀವು ಅಂದುಕೊಂಡ ಹಾಗಿದೆ. ಆ ಕಾಲದ ಹಳ್ಳಿಯಲ್ಲಿ ಮಕ್ಕಳನ್ನು ಕರೆತಂದು ಕೂರಿಸೋದೇ ಅರ್ಧ ಕೆಲಸ. ಬಿತ್ತನೆಗೆ ಹುಡುಗರಿಲ್ಲ, ಕೊಯ್ಲಿಗೆ ಇಲ್ಲ, ಜಾತ್ರೆಗೆ ಇಲ್ಲ, ಉಳಿದ ದಿನ ದನ ಕಾಯಲು ಹೋಗಿರುತ್ತಾರೆ. ಮೇಷ್ಟ್ರು ಬೆಳಿಗ್ಗೆ ಮನೆ ಮನೆ ಸುತ್ತಿ ಗೌಡರ ಹತ್ತಿರ, ಶಾನುಭೋಗರ ಹತ್ತಿರ ಒಂದೊಂದು ಮಾತು ಹೇಳಿಸಿ, ಕೆಲವರಿಗೆ ಬೇಡಿಕೊಂಡು, ಕೆಲವರಿಗೆ ಗದರಿ, ಅಂತೂ ಇಪ್ಪತ್ತು ಜನರನ್ನು ಕೂಡಿಸಬೇಕು. ಆ ಇಪ್ಪತ್ತರಲ್ಲೇ ನಾಲ್ಕು ತರಗತಿ! ಒಬ್ಬರೇ ಮೇಷ್ಟ್ರು. ದೊಡ್ಡ ಹುಡುಗ ಚಿಕ್ಕವರಿಗೆ ಮಗ್ಗಿ ಹೇಳಿಸುತ್ತಾನೆ, ಅವರು ಮರಳ ಮೇಲೆ ಬೆರಳಲ್ಲಿ ಅಕ್ಷರ ತಿದ್ದುತ್ತಾರೆ, ಇತ್ತ ಮೇಷ್ಟ್ರು ಮೂರನೆಯವರ ಲೆಕ್ಕ ನೋಡುತ್ತಾರೆ. ಇಂಥ ಒಂದು ಬೆಳಿಗ್ಗೆಯನ್ನು ಎರಡು ಪುಟ ಬರೆಯಿರಿ. ಗದ್ದಲ ಕೇಳಿಸಬೇಕು.

ಇನ್ನು ತಪ್ಪುಗಳು. ಇವು ಸಣ್ಣವಲ್ಲ.

1908ರಲ್ಲಿ 'ದಿವಾನ್ ವಿಶ್ವೇಶ್ವರಯ್ಯನವರ ಆಜ್ಞೆಯಂತೆ' ಶಾಲೆಗೆ ಕೋಣೆ ಕಟ್ಟಿಸಿದರು ಅಂತ ಬರೆದಿದ್ದೀರಿ. ಆಗ ಮೈಸೂರಿನ ದಿವಾನರು ವಿ.ಪಿ. ಮಾಧವರಾಯರು. ವಿಶ್ವೇಶ್ವರಯ್ಯ ಮುಂಬಯಿ ಸರ್ಕಾರದ ಕೆಲಸ ಬಿಟ್ಟದ್ದೇ 1908ರಲ್ಲಿ. ಮೈಸೂರಿಗೆ ಚೀಫ್ ಇಂಜಿನಿಯರ್ ಆಗಿ ಬಂದದ್ದು 1909ರಲ್ಲಿ, ದಿವಾನರಾದದ್ದು 1912ರಲ್ಲಿ. ನಮ್ಮ ಕಡೆ ಒಳ್ಳೆಯದೆಲ್ಲವನ್ನೂ ಅವರ ಲೆಕ್ಕಕ್ಕೆ ಬರೆಯುವ ಚಾಳಿ ಇದೆ, ಇರಲಿ, ತಾರೀಖಾದರೂ ಹೊಂದಬೇಕಲ್ಲ.

1913ರ ಕಡ್ಡಾಯ ಶಿಕ್ಷಣದ ಕಾನೂನು ಬಂದ ಮೇಲೆ 'ಸಂಸ್ಥಾನದ ಪ್ರತಿ ಮಗುವೂ ಶಾಲೆಗೆ ಬಂತು' ಅನ್ನೋದೂ ಹಾಗೆಯೇ. ಅದು ದೊಡ್ಡ ಹೆಜ್ಜೆ, ನಿಜ. ಇಂಥದ್ದೇ ಮಸೂದೆಯನ್ನು ಗೋಖಲೆ 1911ರಲ್ಲಿ ಬ್ರಿಟಿಷರ ಶಾಸನಸಭೆಗೆ ತಂದಿದ್ದರು, ಮಾರನೇ ವರ್ಷ ಅದು ಬಿದ್ದುಹೋಯಿತು. ಮೈಸೂರು ಮಾಡಿ ತೋರಿಸಿತು. ಬರೋಡ ಅದಕ್ಕೂ ಮೊದಲೇ, 1906ರಲ್ಲೇ, ಇಡೀ ಸಂಸ್ಥಾನಕ್ಕೆ ಕಡ್ಡಾಯ ಮಾಡಿತ್ತು. ಆದರೆ ಮೈಸೂರಿನ ಕಡ್ಡಾಯ ಬಂದದ್ದು ಮೊದಲು ಆಯ್ದ ಕೆಲವು ಜಾಗಗಳಿಗೆ, ಅದೂ ಹುಡುಗರಿಗೆ. ನಿಮ್ಮ ಮುತ್ತಜ್ಜನ ಹಳ್ಳಿ ಆ ಪಟ್ಟಿಯಲ್ಲಿ ಇತ್ತಾ? ಹುಡುಕಿ. ಇರದಿದ್ದರೆ ಕಥೆ ಇನ್ನೂ ಚೆನ್ನಾಗಿರುತ್ತದೆ, ಕಾನೂನಿನ ಬಲ ಇಲ್ಲದೆ ಬರೀ ಬಾಯಿಮಾತಲ್ಲಿ ಹಾಜರಿ ತುಂಬಿಸಿದರು ಅಂತಾಯಿತು.

ಫೀಸು 'ಹತ್ತು ಪೈಸೆ' ಅಂದಿದ್ದೀರಿ. ರೂಪಾಯಿಗೆ ನೂರು ಪೈಸೆ ಆದದ್ದು 1957ರಲ್ಲಿ. ಅದಕ್ಕೆ ಮುಂಚೆ ಹದಿನಾರಾಣೆ ಲೆಕ್ಕ. 'ಕರ್ನಾಟಕ ಸರ್ಕಾರಿ ಶಾಲೆ' ಅಂದಿದ್ದೀರಿ, ಆ ಹೆಸರಿನ ರಾಜ್ಯಕ್ಕೆ ಇನ್ನೂ ಅರವತ್ತು ಚಿಲ್ಲರೆ ವರ್ಷ ಇತ್ತು. ಆಗ ತುಮಕೂರು ಮೈಸೂರಿಗೆ, ಧಾರವಾಡ ಮುಂಬಯಿಗೆ, ಬಳ್ಳಾರಿ ಮದ್ರಾಸಿಗೆ, ರಾಯಚೂರು ನಿಜಾಮನಿಗೆ. ಮತ್ತೆ 1908ರ ಮಕ್ಕಳಿಂದ 'ಜನ ಗಣ ಮನ' ಹಾಡಿಸಿದ್ದೀರಿ, ಅದನ್ನು ಮೊದಲ ಸಲ ಹಾಡಿದ್ದೇ 1911ರ ಡಿಸೆಂಬರಿನಲ್ಲಿ, ಕಲ್ಕತ್ತೆಯಲ್ಲಿ. ಮೈಸೂರು ಸೀಮೆಯ ಮಕ್ಕಳು ಏನಾದರೂ ಹಾಡಲೇಬೇಕಿದ್ದರೆ ಸಂಸ್ಥಾನದ ಗೀತೆ 'ಕಾಯೌ ಶ್ರೀ ಗೌರಿ' ಹಾಡಲಿ.

ಇದಕ್ಕಿಂತ ದೊಡ್ಡ ಮಾತು ಒಂದಿದೆ. 'ಜಾತಿಭೇದವಿಲ್ಲದೆ ಎಲ್ಲ ಮಕ್ಕಳೂ ಒಂದೇ ಚಾಪೆಯಲ್ಲಿ ಕೂತರು' ಅಂತ ಬರೆದಿದ್ದೀರಿ. ಯಾರು ಹೇಳಿದರು? 1856ರಲ್ಲಿ ಧಾರವಾಡದ ಸರ್ಕಾರಿ ಶಾಲೆಗೆ ಸೇರಿಸಿಕೊಳ್ಳಿ ಅಂತ ಒಬ್ಬ ಮಹಾರ್ ಹುಡುಗ ಅರ್ಜಿ ಹಾಕಿದ, ಸೇರಿಸಿಕೊಳ್ಳಲಿಲ್ಲ. ಮಂಗಳೂರಲ್ಲಿ ಕುದ್ಮುಲ್ ರಂಗರಾಯರು ದಲಿತ ಮಕ್ಕಳಿಗೆ ಬೇರೆಯೇ ಶಾಲೆ ತೆರೆಯಬೇಕಾಯಿತು. ಮೈಸೂರಲ್ಲೂ 'ಪಂಚಮ ಶಾಲೆ' ಅಂತ ಪ್ರತ್ಯೇಕ ಶಾಲೆಗಳಿದ್ದವು. ನಿಮ್ಮ ಮುತ್ತಜ್ಜ ಇದನ್ನು ಮೀರಿದ್ದರೆ ಅದೇ ಒಂದು ಲೇಖನ, ಹೇಗೆ ಮೀರಿದರು, ಊರವರು ಏನಂದರು, ಎಲ್ಲ ಬೇಕು. ಮೀರದಿದ್ದರೆ ಹಾಗೆಂದೇ ಬರೆಯಿರಿ. ಗೊತ್ತಿಲ್ಲದಿದ್ದರೆ ಆ ಸಾಲು ತೆಗೆಯಿರಿ. ಮನೆಯವರು ಏನಂದುಕೊಳ್ಳುತ್ತಾರೋ ಅಂತ ಬರೆದ ಸಾಲು ಓದುವವರಿಗೆ ತಕ್ಷಣ ಗೊತ್ತಾಗುತ್ತದೆ.

ಹನ್ನೊಂದನೇ ಪುಟದಲ್ಲಿ ಅವರು ಅಂಚೆ ಕೆಲಸವನ್ನೂ ನೋಡಿಕೊಳ್ಳುತ್ತಿದ್ದರು ಅಂತ ಹಾಗೇ ಸುಮ್ನೆ ಹೇಳಿ ಮುಂದೆ ಹೋಗಿದ್ದೀರಿ. ಅಯ್ಯೋ, ಅಲ್ಲಿ ನಿಲ್ಲಬೇಕಿತ್ತು! ಹಳ್ಳಿ ಮೇಷ್ಟ್ರೇ ಬ್ರಾಂಚ್ ಪೋಸ್ಟ್ ಮಾಸ್ಟರ್ ಆಗಿರುವುದು ಆಗ ಸಾಮಾನ್ಯ. ಮೇಲೆ ಒಂದೆರಡು ರೂಪಾಯಿ ಸಿಗುತ್ತಿತ್ತು. ಮಗ ಸೇರಿದ್ದು ದಂಡಿಗೋ ಕಾಫಿ ತೋಟಕ್ಕೋ, ಅವನ ಕಾಗದ ಬಂದರೆ ಓದಿ ಹೇಳೋರು ಇವರೇ, ಉತ್ತರ ಬರೆಯೋರೂ ಇವರೇ. ಮಗನನ್ನು ಶಾಲೆಗೆ ಕಳಿಸು ಅಂತ ಬೆಳಿಗ್ಗೆ ಬೇಡಿಕೊಂಡ ಮೇಷ್ಟ್ರ ಹತ್ತಿರ ಸಂಜೆ ಅದೇ ಅಪ್ಪ ಮನಿಯಾರ್ಡರ್ ಕೇಳಲು ಬಂದು ನಿಲ್ಲುತ್ತಾನೆ. ಆಗ ನಡೆದ ಮಾತು ನಿಮ್ಮ ಮನೆಯಲ್ಲಿ ಯಾರಿಗಾದರೂ ನೆನಪಿದೆಯಾ? ಅಜ್ಜಿಯನ್ನು ಕೇಳಿ.

ಭಾಷೆ ಬಗ್ಗೆ ಜಾಸ್ತಿ ಹೇಳುವುದಿಲ್ಲ. 'ಜ್ಞಾನದಾಹಿ', 'ತ್ಯಾಗಮೂರ್ತಿ', 'ಪ್ರಾತಃಸ್ಮರಣೀಯ', ಮೂರನ್ನೂ ಹೊಡೆದುಹಾಕಿ. ನೀವು ಕಾಗದದಲ್ಲಿ ನನಗೆ ಬರೆದ ಕನ್ನಡ ಲೇಖನದ ಕನ್ನಡಕ್ಕಿಂತ ಚೆನ್ನಾಗಿದೆ.

ಅದೇ ಕಾಗದದ ಕೊನೆಗೆ, ಆ ಕಾಲದ ದಾಖಲಾತಿ ಪುಸ್ತಕ ಒಂದು ಇನ್ನೂ ಅಟ್ಟದ ಮೇಲಿದೆ, ಗೆದ್ದಲು ಹಿಡಿದಿದೆ ಅಂತ ಬರೆದಿದ್ದೀರಿ. ಲೇಖನದಲ್ಲಿ ಅದರ ಸುದ್ದಿಯೇ ಇಲ್ಲ. ಇವತ್ತೇ ಕೆಳಗಿಳಿಸಿ. ಅದರಲ್ಲಿ 'ಶಾಲೆ ಬಿಟ್ಟ ಕಾರಣ' ಅಂತ ಒಂದು ಕಾಲಂ ಇದೆಯಾ ನೋಡಿ. ಇದ್ದರೆ ಮೇಲಿಂದ ಕೆಳಗೆ ಓದಿ, ಇದ್ದದ್ದನ್ನು ಇದ್ದ ಹಾಗೇ ಬರೆದುಕೊಳ್ಳಿ, ಕಾಗುಣಿತ ಕೂಡ ತಿದ್ದಬೇಡಿ. 1918ರ ಪುಟಗಳನ್ನು ನಿಧಾನವಾಗಿ ನೋಡಿ, ಅದು ಇನ್‌ಫ್ಲುಯೆಂಜಾ ಬಂದ ವರ್ಷ.

ಹೊಸ ಲೇಖನ ಆರು ಪುಟ ಮೀರದಿರಲಿ. ಹೊಂಗೆ ಮರದಿಂದ ಶುರು ಮಾಡಿ. ಜೊತೆಗೆ ಆ ಪುಸ್ತಕದ ಎರಡು ಪುಟದ ಫೋಟೋ ಕಳಿಸಿ, ಮೊಬೈಲಲ್ಲಿ ತೆಗೆದರೂ ಸಾಕು, ಕೈ ನೆರಳು ಬೀಳದ ಹಾಗೆ ಹಗಲು ಬೆಳಕಲ್ಲಿ ತೆಗೆಯಿರಿ.